ಕಲ್ಲಿನಲ್ಲಿ ಹೆಸರು ಕೊರೆದವರು ಮತ್ತು ಕಲಾಚರಿತ್ರೆಯ ಕಲಿಕೆ

ಶ್ರೋತೃಗಳೇ, ಕಲಾಚರಿತ್ರೆ ಎಂದರೆ ಚಿತ್ರ ಬರೆಯುವವರಿಗೂ ಶಿಲ್ಪ ಕಡೆಯುವವರಿಗೂ ಮಾತ್ರ ಬೇಕಾದ ವಿದ್ಯೆ ಎಂದು ತಿಳಿದವರು ಹೆಚ್ಚು. ಆದರೆ ಚಿತ್ರ, ಶಿಲ್ಪ, ಕಟ್ಟಡ, ನೇಯ್ಗೆ, ಲೋಹದ ಕೆಲಸ ಮೊದಲಾದ ಕೈಯ ಸೃಷ್ಟಿಗಳನ್ನು ಅವು ಹುಟ್ಟಿದ ಕಾಲ, ಅವಕ್ಕೆ ಒದಗಿದ ಹಣ, ಅವುಗಳ ಹಿಂದಿದ್ದ ನಂಬಿಕೆ ಮತ್ತು ಅವುಗಳನ್ನು ಮಾಡಿದ ಜನರೊಂದಿಗೆ ಕೂಡಿಸಿ ಓದುವ ಶಾಸ್ತ್ರವೇ ಕಲಾಚರಿತ್ರೆಯಾದ್ದರಿಂದ, ಊರಿನಲ್ಲಿ ಒಂದು ಹಳೆಯ ಗುಡಿಯೋ ಬಸದಿಯೋ ಮಸೀದಿಯೋ ವೀರಗಲ್ಲೋ ಇರುವ ಪ್ರತಿಯೊಬ್ಬರಿಗೂ ಅದು ಸಲ್ಲುತ್ತದೆ. ಈ ಶಾಸ್ತ್ರ ಕೇಳುವ ಪ್ರಶ್ನೆಗಳು ಸರಳವಾದವು. ಇದನ್ನು ಯಾರು ಮಾಡಿದರು, ಯಾವಾಗ ಮಾಡಿದರು, ಯಾರಿಗಾಗಿ ಮಾಡಿದರು, ಹೀಗೆಯೇ ಏಕೆ ಮಾಡಿದರು? ಉತ್ತರ ಕಂಡುಕೊಳ್ಳುವ ದಾರಿ ಮಾತ್ರ ತಾಳ್ಮೆಯನ್ನು ಬೇಡುತ್ತದೆ.

ಯುರೋಪಿನಲ್ಲಿ ಈ ಶಾಸ್ತ್ರದ ಬೇರುಗಳನ್ನು 1550ರಲ್ಲಿ ವಸಾರಿ ಪ್ರಕಟಿಸಿದ ಇಟಲಿಯ ಕಲಾವಿದರ ಜೀವನಚರಿತ್ರೆಗಳಲ್ಲಿ ಮತ್ತು 1764ರಲ್ಲಿ ವಿಂಕೆಲ್‌ಮನ್ ಬರೆದ ಪ್ರಾಚೀನ ಕಲೆಯ ಇತಿಹಾಸದಲ್ಲಿ ಗುರುತಿಸುವುದು ವಾಡಿಕೆ. 19ನೆಯ ಶತಮಾನದಲ್ಲಿ ಜರ್ಮನ್ ವಿಶ್ವವಿದ್ಯಾಲಯಗಳು ಅದಕ್ಕೆ ಪೀಠ ಕೊಟ್ಟವು. ಭಾರತಕ್ಕೆ ಅದು ಬಂದದ್ದು ವಸಾಹತು ಆಡಳಿತದ ಸಮೀಕ್ಷೆಗಳ ಮೂಲಕ. 1861ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಸಂಸ್ಥೆಯ ಕೆಲಸ ಆರಂಭವಾಯಿತು. 1876ರಲ್ಲಿ ಜೇಮ್ಸ್ ಫರ್ಗುಸನ್ ಭಾರತೀಯ ವಾಸ್ತುಶಿಲ್ಪದ ಇತಿಹಾಸವನ್ನು ಪ್ರಕಟಿಸಿದ. ಇದು ಆ ಶಾಸ್ತ್ರದ ಹೊರಗಿನ ಕಥೆ. ಅದರ ಒಳಗಿನ ಕೆಲಸ ಹೇಗೆ ನಡೆಯುತ್ತದೆ, ಅದರಿಂದ ಏನು ದೊರಕುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ; ಹಾಸನ ಜಿಲ್ಲೆಯ ಬೇಲೂರಿನ ಗೋಡೆಗಳೇ ಸಾಕು.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ, ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾಯಿತು. ಗುಡಿಯ ಹೊರಗೋಡೆ ಮೇಲಕ್ಕೇರಿ ಚಾವಣಿಯ ಅಂಚನ್ನು ಮುಟ್ಟುವ ಜಾಗದಲ್ಲಿ, ಗೋಡೆಗೂ ಅಂಚಿಗೂ ನಡುವೆ ಓರೆಯಾಗಿ ನಿಲ್ಲಿಸಿದ ಸ್ತ್ರೀಮೂರ್ತಿಗಳಿವೆ. ಅವೇ ಮದನಿಕೆಯರು, ಒಳಗಿನವನ್ನೂ ಸೇರಿಸಿದರೆ ಸುಮಾರು 40. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ, ಒಬ್ಬಳು ಮದ್ದಳೆಯ ಲಯಕ್ಕೆ ಕಾಲೆತ್ತಿದ್ದಾಳೆ. ಪ್ರತಿಯೊಬ್ಬಳ ತಲೆಯ ಮೇಲೆ ಕಲ್ಲಿನಲ್ಲೇ ಬಿಡಿಸಿದ ಬಳ್ಳಿಯ ಕಮಾನಿದೆ. ಯಾತ್ರಿಕರ ಕಣ್ಣು ಸಹಜವಾಗಿ ಈ ಮುಖಗಳಲ್ಲಿ ಮತ್ತು ಆಭರಣಗಳಲ್ಲಿ ನಿಲ್ಲುತ್ತದೆ. ಹಲವು ಮೂರ್ತಿಗಳ ಪೀಠದಲ್ಲಿ ಕೊರೆದಿರುವ ಸಣ್ಣ ಕನ್ನಡ ಅಕ್ಷರಗಳ ಕಡೆಗೆ ಅದು ಹೋಗುವುದು ಅಪರೂಪ.

ಆ ಅಕ್ಷರಗಳು ಶಿಲ್ಪಿಗಳ ಹೆಸರುಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ, ಪದರಿ ಮಲ್ಲೋಜ ಮುಂತಾದವರು ತಮ್ಮ ಕೆಲಸದ ಕೆಳಗೆ ತಮ್ಮ ಹೆಸರನ್ನೂ, ಕೆಲವೊಮ್ಮೆ ಊರನ್ನೂ, ತಂದೆಯ ಹೆಸರನ್ನೂ, ತಾವು ಪಡೆದ ಬಿರುದುಗಳನ್ನೂ ಕೊರೆದಿದ್ದಾರೆ. ಶಾಸನಗಳಲ್ಲಿ ಇಂಥ ಶಿಲ್ಪಿಯನ್ನು ರೂವಾರಿ ಎನ್ನುತ್ತಾರೆ, ಎಂದರೆ ರೂಪ ಕೊಡುವವನು. ಅವರ ಬಿರುದುಗಳಲ್ಲಿ ಪ್ರತಿಸ್ಪರ್ಧಿ ಶಿಲ್ಪಿಗಳನ್ನು ಮೀರಿಸಿದ ಹೆಮ್ಮೆ ಎದ್ದು ಕಾಣುತ್ತದೆ. ತನ್ನ ಕೈಕೆಲಸವನ್ನು ಇನ್ನೊಬ್ಬನ ಕೈಕೆಲಸದಿಂದ ಬೇರೆಯಾಗಿ ಗುರುತಿಸಬೇಕೆಂದು ಬಯಸಿದವರ ಹೆಮ್ಮೆ ಅದು. 900 ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಅದಕ್ಕೆ ಗೋಡೆಯ ಮೇಲೆಯೇ ಸ್ಥಳ ದೊರೆತಿತ್ತು.

ಇಲ್ಲಿಯವರೆಗೆ ಹೇಳಿದ ಮಾತು ಇಷ್ಟು: ಬೇಲೂರಿನ ಮೂರ್ತಿಗಳಿಗೆ ಕರ್ತೃಗಳಿದ್ದಾರೆ, ಮತ್ತು ಅವರ ಹೆಸರು ಕಲ್ಲಿನಲ್ಲೇ ಇದೆ. ಇನ್ನು ಜನಮನದಲ್ಲಿ ನಿಂತಿರುವ ಹೆಸರಿನ ವಿಚಾರ. ಬೇಲೂರು, ಹಳೇಬೀಡು ಎಂದೊಡನೆ ಕನ್ನಡಿಗರ ಬಾಯಿಗೆ ಬರುವುದು ಅಮರಶಿಲ್ಪಿ ಜಕಣಾಚಾರಿ. ತಾನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಅಪರಿಚಿತ ಯುವಕನೊಬ್ಬ ಹೇಳಿದಾಗ ಪಣ ತೊಟ್ಟ ತಂದೆ, ಕಲ್ಲಿನ ಹೊಟ್ಟೆಯೊಳಗೆ ಕಾಣಿಸಿದ ಕಪ್ಪೆ, ಕೈ ಕತ್ತರಿಸಿಕೊಂಡ ಶಿಲ್ಪಿ, ಕೊನೆಗೆ ಆ ಯುವಕ ಮಗನೇ ಎಂದು ತಿಳಿಯುವುದು, ಕೈದಾಳದಲ್ಲಿ ಕೈ ಮರಳಿ ಬರುವುದು: ಈ ಐತಿಹ್ಯ ತಲೆಮಾರುಗಳಿಂದ ಹರಿದುಬಂದು 1964ರಲ್ಲಿ ಬಿ. ಎಸ್. ರಂಗಾ ನಿರ್ದೇಶಿಸಿದ ವರ್ಣಚಿತ್ರದ ಮೂಲಕ ನಾಡಿನ ಮನೆಮಾತಾಯಿತು. ಅದು ಸುಂದರವಾದ ಕಥೆ. ಕುಶಲಕರ್ಮಿಯ ಅಭಿಮಾನ, ಸೋಲು, ಸತ್ಯನಿಷ್ಠೆಗಳನ್ನು ಅದು ಹಿಡಿದಿಟ್ಟಿದೆ. ಆದರೆ ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ದೇವಾಲಯಗಳನ್ನು ಕಟ್ಟಿದವನಾಗಿ ಆ ಹೆಸರು ಕಾಣಿಸಿಕೊಳ್ಳುವುದಿಲ್ಲ. ಕಪ್ಪೆಯ ಕಥೆಗೆ ಅಂಟಿಕೊಂಡಿರುವ ಕಪ್ಪೆ ಚೆನ್ನಿಗರಾಯನ ವಿಗ್ರಹದ ಪೀಠದಲ್ಲಿರುವ ಬರಹವು ಅದನ್ನು ಮಾಡಿಸಿದವಳು ರಾಣಿ ಶಾಂತಲದೇವಿ ಎಂದು ಹೇಳುತ್ತದೆ.

ಐತಿಹ್ಯವನ್ನು ಅಳಿಸಿಹಾಕುವುದು ಕಲಾಚರಿತ್ರೆಯ ಕೆಲಸವಲ್ಲ. ಐತಿಹ್ಯವು ಒಬ್ಬನೇ ಮಹಾಪುರುಷನಿಗೆ ಒಪ್ಪಿಸಿದ ಕೀರ್ತಿಯನ್ನು ಅದು ನಿಜವಾಗಿ ದುಡಿದ ಹಲವರಿಗೆ ಹಂಚಿಕೊಡುತ್ತದೆ, ಮತ್ತು ಆ ಹಂಚಿಕೆಗೆ ಸಾಕ್ಷ್ಯ ಕೇಳುತ್ತದೆ. ದಾಸೋಜ, ಚಾವಣರನ್ನು ತಿಳಿದ ಮೇಲೆ ಜಕಣಾಚಾರಿಯ ಕಥೆ ಸಣ್ಣದಾಗುವುದಿಲ್ಲ. ತಂದೆ ಮಗ ಇಬ್ಬರೂ ಒಂದೇ ಗುಡಿಯಲ್ಲಿ ಉಳಿ ಹಿಡಿದಿದ್ದರೆಂಬ ಸಂಗತಿ ಕಥೆಯಲ್ಲಿ ಮಾತ್ರವಲ್ಲದೆ ಕಲ್ಲಿನ ಬರಹದಲ್ಲೂ ಇದೆಯೆಂದು ತಿಳಿದಾಗ ಆ ಕಥೆಯನ್ನು ಕೇಳುವ ರೀತಿಯೇ ಬದಲಾಗುತ್ತದೆ.

ಹೆಸರುಗಳಿಂದ ಇನ್ನೂ ಹೆಚ್ಚಿನದು ತಿಳಿಯುತ್ತದೆ. ಬಳ್ಳಿಗಾವೆ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಗದಗು ಇನ್ನೂ ಉತ್ತರಕ್ಕೆ. ಎರಡೂ ಅಂದು ಕಲ್ಯಾಣದ ಚಾಲುಕ್ಯರ ಆಳ್ವಿಕೆಯ ನೆಲೆಗಳು. ಹೊಯ್ಸಳರು ಚಾಲುಕ್ಯರ ಸಾಮಂತರಾಗಿದ್ದು, ಕ್ರಮೇಣ ಅವರ ಹಿಡಿತದಿಂದ ಬಿಡಿಸಿಕೊಳ್ಳಲು ಹೆಣಗುತ್ತಿದ್ದ ಕಾಲದಲ್ಲಿಯೇ, ಹೊಯ್ಸಳರ ಅತಿ ಮುಖ್ಯ ದೇವಾಲಯಕ್ಕೆ ಚಾಲುಕ್ಯರ ಸೀಮೆಯ ಶಿಲ್ಪಿಗಳು ಬಂದಿದ್ದರು. ರಾಜರ ಜಗಳ ಒಂದು ದಾರಿಯಲ್ಲಿ, ಕುಶಲಿಗಳ ನಡಿಗೆ ಇನ್ನೊಂದು ದಾರಿಯಲ್ಲಿ ಸಾಗಿತ್ತು. ಲಕ್ಕುಂಡಿಯಲ್ಲಿ, 1112ರ ಇಟಗಿಯ ಮಹಾದೇವ ದೇವಾಲಯದಲ್ಲಿ, ನಕ್ಷತ್ರಾಕಾರದ ತಳಪಾಯವಿರುವ ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಬೆಳೆದ ಕುಸುರಿಯ ಅಭ್ಯಾಸಗಳು ದಕ್ಷಿಣಕ್ಕೆ ಹೇಗೆ ಹರಿದವು ಎಂಬ ಪ್ರಶ್ನೆಗೆ ಈ ಪುಟ್ಟ ಸಹಿಗಳು ಉತ್ತರದ ಒಂದು ತುದಿಯನ್ನು ಕೈಗೆ ಕೊಡುತ್ತವೆ.

ಕಲ್ಲಿನ ಗುಣವನ್ನೂ ಇಲ್ಲಿ ಮರೆಯಬಾರದು. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಉಗುರಿನಷ್ಟು ಸಣ್ಣ ಮಣಿಯನ್ನೂ ಬಿಡಿಯಾಗಿ ಕಡೆಯಬಹುದು, ಕಂಬವನ್ನು ತಿರುಗಿಸಿ ನುಣುಪು ಬಳೆಗಳನ್ನು ಮೂಡಿಸಬಹುದು. ಬಾದಾಮಿಯ ಮರಳುಗಲ್ಲಿನಲ್ಲೋ ಹಂಪಿಯ ಕಣಶಿಲೆಯಲ್ಲೋ ಇದೇ ಕುಸುರಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಒಂದು ಶೈಲಿ ಏಕೆ ಹಾಗಿದೆ ಎಂಬುದಕ್ಕೆ ಭಕ್ತಿಯಷ್ಟೇ ಭೂಗರ್ಭವೂ ಕಾರಣ ಎಂಬುದು ಕಲಾಚರಿತ್ರೆ ಕಲಿಸುವ ವಿವೇಕಗಳಲ್ಲಿ ಒಂದು.

ಇಲ್ಲಿಗೆ ಎರಡು ಸಂಗತಿಗಳು ತಿಳಿದವು. ಶಿಲ್ಪಿಯ ಹೆಸರು ಕೀರ್ತಿಯನ್ನು ಸರಿಯಾದ ಜಾಗಕ್ಕೆ ಸೇರಿಸುತ್ತದೆ; ಅದರ ಜೊತೆಗಿರುವ ಊರಿನ ಹೆಸರು ಕಲೆಯ ಸಂಚಾರವನ್ನು ತೋರಿಸುತ್ತದೆ. ಮೂರನೆಯದು, ಹೆಸರಿನಿಂದ ಕೈಯನ್ನು ಗುರುತಿಸುವ ವಿದ್ಯೆ. ಇದಕ್ಕೆ ಕೇಳುಗರು ಮನಸ್ಸಿನಲ್ಲಿಯೇ ಮೈಸೂರು ಜಿಲ್ಲೆಯ ಸೋಮನಾಥಪುರಕ್ಕೆ ಬರಬೇಕು.

13ನೆಯ ಶತಮಾನದ ಉತ್ತರಾರ್ಧದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಅಲ್ಲಿನ ಕೇಶವ ದೇವಾಲಯ ಎತ್ತರದ ಜಗತಿಯ ಮೇಲೆ ನಿಂತಿದೆ. ಜಗತಿ ಎಂದರೆ ಗುಡಿಯ ಸುತ್ತ ನಡೆದಾಡಲು ಬಿಟ್ಟ ಕಟ್ಟೆ. ಅದರ ಮೇಲೆ ಪ್ರದಕ್ಷಿಣೆ ಬಂದರೆ ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಸುರುಳಿ ಬಳ್ಳಿ, ನಂತರ ರಾಮಾಯಣ, ಭಾರತ, ಭಾಗವತಗಳ ಪ್ರಸಂಗಗಳು, ಆಮೇಲೆ ಮಕರ, ಕೊನೆಗೆ ಹಂಸ. ಇವುಗಳ ಮೇಲೆ, ನೋಡುವವರ ಕಣ್ಣಿನ ಮಟ್ಟಕ್ಕೆ, ದೇವದೇವಿಯರ ಸುಮಾರು 200 ದೊಡ್ಡ ವಿಗ್ರಹಗಳಿವೆ. ಅವುಗಳಲ್ಲಿ ಸುಮಾರು 40ರ ಪೀಠದಲ್ಲಿ ಒಂದೇ ಹೆಸರು: ಮಲ್ಲಿತಮ್ಮ. ಕೆಲವೆಡೆ ಪೂರ್ತಿ ಹೆಸರು, ಕೆಲವೆಡೆ ಮೊದಲ ಅಕ್ಷರವಷ್ಟೇ. ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ ಮೊದಲಾದವರ ಹೆಸರುಗಳೂ ಅಲ್ಲಿವೆ.

ಈ ಮಲ್ಲಿತಮ್ಮನ ಹೆಸರು ಸೋಮನಾಥಪುರಕ್ಕೆ ಸೀಮಿತವಲ್ಲ. 1246ರ ಸುಮಾರಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಅವನ ಹೆಸರಿದೆ; ಅಲ್ಲಿ ಗೋಡೆಯ ಒಂದು ಪಾರ್ಶ್ವ ಅವನದಾದರೆ, ಇನ್ನೊಂದು ಪಾರ್ಶ್ವ ನಂದಿಯ ಬೈಚೋಜನದು. 1196ರಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿಯೂ ಮಲ್ಲಿತಮ್ಮನೆಂಬ ಹೆಸರು ದೊರಕುತ್ತದೆ. ಈ ಎಲ್ಲ ಕಡೆ ಕೆಲಸ ಮಾಡಿದವನು ಒಬ್ಬನೇ ಆಗಿದ್ದರೆ ಅವನು ಸುಮಾರು 60 ವರ್ಷ ಉಳಿ ಹಿಡಿದಿರಬೇಕು. ಅಥವಾ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆಯಂತೆ ಒಂದೇ ಮನೆತನದಲ್ಲಿ ಇಬ್ಬರು ಮಲ್ಲಿತಮ್ಮರು ಇದ್ದಿರಬೇಕು. ಯಾವುದು ಸರಿ ಎಂಬುದನ್ನು ಹೆಸರು ಹೇಳಲಾರದು. ಅದನ್ನು ಹೇಳಬೇಕಾದದ್ದು ಕೆತ್ತನೆಯೇ.

ಇಲ್ಲಿ ಕಲಾಚರಿತ್ರೆಯ ಒಂದು ಹಳೆಯ ಉಪಾಯ ನೆರವಾಗುತ್ತದೆ. 19ನೆಯ ಶತಮಾನದ ಇಟಲಿಯ ವೈದ್ಯ ಜೊವಾನ್ನಿ ಮೊರೆಲ್ಲಿ ಸಹಿಯಿಲ್ಲದ ಚಿತ್ರಗಳ ಕರ್ತೃವನ್ನು ಗುರುತಿಸಲು ಮುಖಭಾವವನ್ನೋ ಸಂಯೋಜನೆಯನ್ನೋ ನೋಡದೆ ಕಿವಿಯ ಹಾಲೆ, ಉಗುರು, ಬೆರಳ ತುದಿಗಳನ್ನು ಹೋಲಿಸಿ ನೋಡಿದ. ಮುಖ್ಯ ಭಾಗಗಳಲ್ಲಿ ಕಲಾವಿದ ತನ್ನ ಗುರುವನ್ನೋ ಸಂಪ್ರದಾಯವನ್ನೋ ಅನುಸರಿಸುತ್ತಾನೆ. ಯಾರೂ ಗಮನಿಸದ ಸಣ್ಣ ಭಾಗಗಳಲ್ಲಿ ಅವನ ಕೈ ತನ್ನ ಅಭ್ಯಾಸದಂತೆ ಓಡುತ್ತದೆ ಎಂಬುದು ಮೊರೆಲ್ಲಿಯ ತರ್ಕ. ಇದೇ ಕಣ್ಣಿನಿಂದ ನುಗ್ಗೇಹಳ್ಳಿಯ ಎರಡು ಪಾರ್ಶ್ವಗಳನ್ನು ನೋಡಬಹುದು. ದೇವತೆಯ ಸೊಂಟದ ಪಟ್ಟಿಯ ಗಂಟು ಎಲ್ಲಿ ಇಳಿಬಿದ್ದಿದೆ, ಕಿರೀಟದ ಮಣಿಗಳು ಎಷ್ಟು ಸಾಲಿನಲ್ಲಿವೆ, ಮೊಣಕಾಲು ದೇಹದ ಎತ್ತರದ ಯಾವ ಅಳತೆಯಲ್ಲಿದೆ, ಬೆರಳು ಆಯುಧವನ್ನು ಹಿಡಿದಿದೆಯೋ ಮುಟ್ಟಿದೆಯೋ ಎಂದು ಒಂದೊಂದಾಗಿ ಹೋಲಿಸುತ್ತಾ ಹೋದರೆ ಮಲ್ಲಿತಮ್ಮನ ಕೈ ಯಾವುದು, ಬೈಚೋಜನ ಕೈ ಯಾವುದು ಎಂಬುದು ಸಹಿಯ ನೆರವಿಲ್ಲದೆಯೂ ತಿಳಿಯತೊಡಗುತ್ತದೆ. ಈ ಅಭ್ಯಾಸಕ್ಕೆ ಬೇಕಾದದ್ದು ಬರೀ ಕಣ್ಣು, ಒಂದು ಪುಸ್ತಕ, ಒಂದು ಪೆನ್ಸಿಲು ಮತ್ತು ಬಿಡುವು. ಹಳ್ಳಿಯ ಶಾಲೆಯ ಎಂಟನೆಯ ತರಗತಿಯ ಮಗುವಿಗೂ ಇದು ಸಾಧ್ಯ ಎಂಬುದನ್ನು ಒತ್ತಿ ಹೇಳಬೇಕು.

ಭಾರತೀಯ ಕಲಾವಿದ ಅನಾಮಧೇಯ, ಅವನು ಹೆಸರು ಬಯಸುವವನಲ್ಲ ಎಂಬ ಮಾತು ಬಹಳ ಕಾಲದಿಂದ ಪ್ರಚಲಿತವಾಗಿದೆ. ಸಿಂಹಳದಲ್ಲಿ ಹುಟ್ಟಿ 1917ರಿಂದ ಬಾಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ದುಡಿದ ಮಹಾವಿದ್ವಾಂಸ ಆನಂದ ಕುಮಾರಸ್ವಾಮಿ ಈ ನಿಲುವಿಗೆ ದೊಡ್ಡ ಆಧ್ಯಾತ್ಮಿಕ ಅರ್ಥವನ್ನು ಕೊಟ್ಟರು. ಭಾರತೀಯ ಕಲೆಯನ್ನು ಪಶ್ಚಿಮದ ತಿರಸ್ಕಾರದಿಂದ ಪಾರುಮಾಡಿದವರಲ್ಲಿ ಅವರು ಮೊದಲಿಗರು. ಅವರ ಋಣ ದೊಡ್ಡದು. ಆದರೆ ಈ ಒಂದು ವಿಷಯದಲ್ಲಿ ಕರ್ನಾಟಕದ ಕಲ್ಲುಗಳ ಸಾಕ್ಷ್ಯ ಬೇರೆಯಾಗಿದೆ. ಹೊಯ್ಸಳರಿಗಿಂತ ಸುಮಾರು 400 ವರ್ಷ ಮೊದಲೇ, ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳು ಗುಂಡನೆಂಬ ಸೂತ್ರಧಾರಿಯನ್ನು, ಎಂದರೆ ಕಟ್ಟಡದ ಯೋಜಕನನ್ನು, ಅನಿವಾರಿತಾಚಾರಿ ಎಂಬ ಬಿರುದಿನೊಂದಿಗೆ ಹೊಗಳುತ್ತವೆ. ಸಾಕ್ಷ್ಯದ ಮುಂದೆ ಅತಿ ಪ್ರೀತಿಯ ಸಿದ್ಧಾಂತವನ್ನೂ ತಿದ್ದಿಕೊಳ್ಳಬೇಕಾಗುತ್ತದೆ.

ತಿದ್ದಿಕೊಳ್ಳುವುದಕ್ಕೆ ಐಹೊಳೆ ಇನ್ನೊಂದು ಪಾಠ. ಅಲ್ಲಿನ ಪ್ರಸಿದ್ಧ ದುರ್ಗದ ಗುಡಿಯ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಅದನ್ನು ಸುತ್ತುವರಿದಿದ್ದ ಕೋಟೆಯಿಂದ ಬಂದದ್ದು. ಶಾಸನದ ಪ್ರಕಾರ ಅದು ಮೂಲದಲ್ಲಿ ಸೂರ್ಯನ ಗುಡಿ. ಅದರ ಹಿಂಭಾಗ ಆನೆಯ ಬೆನ್ನಿನಂತೆ ದುಂಡಾಗಿರುವುದನ್ನು ಕಂಡ ಆರಂಭದ ವಿದ್ವಾಂಸರು ಅದನ್ನು ಬೌದ್ಧ ಚೈತ್ಯದಿಂದ ಬಂದ ರೂಪವೆಂದು ಓದಿದರು. ಪಕ್ಕದ ಲಾಡಖಾನ ಗುಡಿಯನ್ನು ಪುರಾತತ್ವಜ್ಞ ಹೆನ್ರಿ ಕಸಿನ್ಸ್ ಸುಮಾರು 450ನೆಯ ಇಸವಿಗೆ ಹಾಕಿದ. ಮಟ್ಟಸವಾದ ಚಾವಣಿ, ದಪ್ಪ ಕಂಬಗಳು, ಸರಳ ವಿನ್ಯಾಸ ಇವೆಲ್ಲ ಹಳೆಯ ಕಾಲದ ಗುರುತುಗಳೆಂದು ಅವನು ತಿಳಿದ. ನಂತರದ ಸಂಶೋಧನೆ ಆ ಕಟ್ಟಡವನ್ನು 200 ವರ್ಷಕ್ಕೂ ಹೆಚ್ಚು ಈಚೆಗೆ ತಂದಿದೆ. ಸರಳವಾಗಿ ಕಾಣುವುದೆಲ್ಲ ಪುರಾತನವಲ್ಲ. ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ ಹಲವು ಬಗೆಯ ಕಟ್ಟುವ ಪದ್ಧತಿಗಳು ಜೊತೆಜೊತೆಗೆ ನಡೆಯುತ್ತವೆ. ಸುಲಭವಾದ ಏಣಿಯೊಂದನ್ನು ಕಲ್ಪಿಸಿಕೊಂಡು ಗುಡಿಗಳನ್ನು ಅದರ ಮೆಟ್ಟಿಲುಗಳಲ್ಲಿ ಜೋಡಿಸುವ ಆತುರವನ್ನು ಕಲಾಚರಿತ್ರೆ ತಾನೇ ಮಾಡಿ, ತಾನೇ ಬಿಟ್ಟಿದೆ. ನಾಳೆ ಇನ್ನಾವುದನ್ನೋ ಬಿಡಲಿದೆ. ಇತಿಹಾಸವನ್ನು ಕುರಿತ ಗಟ್ಟಿ ಧ್ವನಿಯ ಹೇಳಿಕೆಗಳು ತುಂಬಿರುವ ಕಾಲದಲ್ಲಿ ಈ ನಮ್ರತೆ ಬಹಳ ಬೆಲೆಬಾಳುವ ನಾಗರಿಕ ಗುಣ.

ಶ್ರೋತೃಗಳೇ, ಈವರೆಗೆ ಕಲಾಚರಿತ್ರೆ ಏನನ್ನು ಕೊಡುತ್ತದೆ ಎಂಬುದನ್ನು ಹೇಳಲಾಯಿತು: ಹೆಸರು, ಸಂಚಾರದ ದಾರಿ, ಕೈಯ ಗುರುತು, ತಿದ್ದಿಕೊಳ್ಳುವ ಅಭ್ಯಾಸ. ಇನ್ನು ಉಳಿದದ್ದು ಹೆಚ್ಚು ಕಠಿಣವಾದ ಪ್ರಶ್ನೆ. ಇದು ಯಾರಿಗೆ ದೊರಕುತ್ತಿದೆ?

ಈ ಪ್ರಶ್ನೆಯನ್ನು ಪುಸ್ತಕದಿಂದಲ್ಲ, ಗುಡಿಯ ಬಾಗಿಲಿನಿಂದ ಆರಂಭಿಸಬೇಕು. ನಾಡಿನ ಅತ್ಯುತ್ತಮ ಶಿಲ್ಪಗಳಲ್ಲಿ ಬಹುಪಾಲು ಇರುವುದು ದೇವಾಲಯಗಳಲ್ಲಿ. ಆ ದೇವಾಲಯಗಳ ಒಳಗೆ ಶತಮಾನಗಳ ಕಾಲ ದಲಿತರಿಗೆ ಪ್ರವೇಶವಿರಲಿಲ್ಲ. ಮೇಲುಕೋಟೆ, ಬೇಲೂರುಗಳಲ್ಲಿ ವರ್ಷದ ಕೆಲವೇ ದಿನ ಅವರಿಗೆ ಒಳಬರಲು ಅವಕಾಶವಿತ್ತೆಂಬುದನ್ನು ಹಳೆಯ ಗೆಜೆಟಿಯರುಗಳು ಒಂದು ವಿಶೇಷ ಸವಲತ್ತಿನಂತೆ ದಾಖಲಿಸಿವೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೂ ತಲೆಮಾರುಗಳ ಕಾಲ ನೋಡಲು ಬಿಡದೆ ಇಟ್ಟ ಕಲೆಯನ್ನು ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರ ಆಸ್ತಿಯಾಗಿಸಲಾಗದು. ಇದು ನಮ್ಮದೂ ಹೌದು, ಇದರ ಬಗ್ಗೆ ನಾವೂ ಪ್ರಶ್ನೆ ಕೇಳಬಹುದು, ನಮ್ಮ ಓದಿಗೂ ಬೆಲೆಯಿದೆ ಎಂಬ ಭರವಸೆ ಹುಟ್ಟಬೇಕಾದದ್ದು ತರಗತಿಯಲ್ಲಿ.

ತರಗತಿಯ ಸ್ಥಿತಿ ಸಂತೋಷದಾಯಕವಲ್ಲ. ಶಾಲೆಯ ಸಮಾಜ ವಿಜ್ಞಾನದಲ್ಲಿ ಕಲೆ ಬರುವುದು ರಾಜವಂಶದ ಪಾಠದ ಕೊನೆಯ ಖಂಡವಾಗಿ. ವಂಶದ ಹೆಸರು, ಗುಡಿಯ ಹೆಸರು, ಊರಿನ ಹೆಸರು ಹೊಂದಿಸಿ ಬರೆದರೆ ಅಂಕ ಸಿಗುತ್ತದೆ. ಪಂಪ, ರನ್ನ, ಜನ್ನರ ಹೆಸರು ಹೇಳಬಲ್ಲ ಮಗುವಿಗೆ ಮಲ್ಲಿತಮ್ಮನ ಹೆಸರು ಕೇಳಿ ಗೊತ್ತಿರುವುದಿಲ್ಲ. ಇದು ಮಗುವಿನ ತಪ್ಪಲ್ಲ. ಕಲಾಚರಿತ್ರೆಯನ್ನು ಕ್ರಮವಾಗಿ ಕಲಿಸುವುದು ಚಿತ್ರಕಲಾ ಕಾಲೇಜುಗಳಲ್ಲಿ ಮತ್ತು ಕೆಲವೇ ವಿಶ್ವವಿದ್ಯಾಲಯಗಳಲ್ಲಿ; ಅದರ ಪ್ರೌಢ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಈ ಕೊರತೆ ಇಲ್ಲಿಯದು ಮಾತ್ರವಲ್ಲ. ಬ್ರಿಟನ್ನಿನಲ್ಲಿ 2016ರಲ್ಲಿ ಒಂದು ಪರೀಕ್ಷಾ ಮಂಡಳಿ ಪದವಿಪೂರ್ವ ಹಂತದ ಕಲಾಚರಿತ್ರೆಯನ್ನು ಕೈಬಿಡಲು ಹೊರಟಾಗ, ಅದನ್ನು ಕಲಿಸುತ್ತಿದ್ದ ಶಾಲೆಗಳಲ್ಲಿ ಹೆಚ್ಚಿನವು ಶುಲ್ಕ ಪಡೆಯುವ ಖಾಸಗಿ ಶಾಲೆಗಳೆಂಬ ಸಂಗತಿ ಚರ್ಚೆಯ ಮುನ್ನೆಲೆಗೆ ಬಂತು. ವಿದ್ವಾಂಸರೂ ಕಲಾವಿದರೂ ಪ್ರತಿಭಟಿಸಿದ ಮೇಲೆ ಇನ್ನೊಂದು ಮಂಡಳಿ ಹೊಸ ಪಠ್ಯಕ್ರಮ ರೂಪಿಸಿ 2017ರಿಂದ ವಿಷಯವನ್ನು ಉಳಿಸಿತು. ಉಳ್ಳವರ ಅಲಂಕಾರವೆಂದು ಭಾವಿಸಲಾದ ವಿದ್ಯೆ ಮೊದಲು ಬಡವರ ಶಾಲೆಯಿಂದ ಮಾಯವಾಗುತ್ತದೆ, ಆಮೇಲೆ ಅದು ಉಳ್ಳವರ ವಿದ್ಯೆಯೆಂದೇ ದೂರಿಸಿಕೊಳ್ಳುತ್ತದೆ.

ಆದರೆ ಕನ್ನಡಿಗರಿಗೆ ಒಂದು ಅನುಕೂಲವಿದೆ. ಅವರ ಕಲಾಚರಿತ್ರೆಯ ಮೂಲ ಸಾಕ್ಷ್ಯಗಳು ಅವರ ಭಾಷೆಯಲ್ಲೇ ಇವೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ 1886ರಿಂದ ಆರಂಭಿಸಿ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಹೊರತಂದಾಗ ಅವುಗಳ ಪಾಠವನ್ನು ಕನ್ನಡ ಲಿಪಿಯಲ್ಲೂ ಅಚ್ಚು ಮಾಡಿಸಿದರು. ಅವರ ನಂತರ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ಊರೂರು ತಿರುಗಿ, ಗುಡಿಗಳ ಗೋಡೆಯ ಪ್ರತಿ ಪೀಠವನ್ನೂ ಪರೀಕ್ಷಿಸಿ, ಶಿಲ್ಪಿಗಳ ಹೆಸರುಗಳನ್ನು ಪಟ್ಟಿಮಾಡಿದರು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳ ಗುಡಿಗಳ ಮೇಲೆ ಬಿಡಿ ಪುಸ್ತಕಗಳನ್ನು ಬರೆದರು. ಕರ್ಣಾಟಕ ಕವಿಚರಿತೆಯನ್ನು ಕೊಟ್ಟವರೂ ಇವರೇ. ಕವಿಗಳ ಚರಿತೆಯನ್ನೂ ರೂವಾರಿಗಳ ಪಟ್ಟಿಯನ್ನೂ ಒಬ್ಬರೇ ವಿದ್ವಾಂಸರು ಸಿದ್ಧಪಡಿಸಿದ್ದರೂ, ಒಂದು ಶಾಲೆಯ ಪಾಠವಾಯಿತು, ಇನ್ನೊಂದು ಇಲಾಖೆಯ ವರದಿಯಲ್ಲೇ ಉಳಿಯಿತು. ಶಿವರಾಮ ಕಾರಂತರು ಚಿತ್ರ, ಶಿಲ್ಪಗಳ ಮೇಲೆ ಕನ್ನಡದಲ್ಲಿ ಬರೆದರು, ಷ. ಶೆಟ್ಟರ್ ಹೊಯ್ಸಳ ದೇವಾಲಯಗಳನ್ನೂ ಅವುಗಳ ಶಿಲ್ಪಿಗಳನ್ನೂ ಜೀವನದುದ್ದಕ್ಕೂ ಅಧ್ಯಯನ ಮಾಡಿದರು. ಬಂಡವಾಳ ಇದೆ; ಅದು ಚಲಾವಣೆಗೆ ಬರಬೇಕು.

ಮೇಲೆ ಹೇಳಿದ ಅನುಕೂಲವನ್ನು ಬಳಸಿಕೊಳ್ಳಲು ದೊಡ್ಡ ಯೋಜನೆಗಳೇ ಬೇಕೆಂದಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಬರುವವರ ಗಮನ ಹೆಚ್ಚಿದೆ. ಸಹಿ ಇರುವ ಮೂರ್ತಿಗಳ ಬಳಿ ಶಿಲ್ಪಿಯ ಹೆಸರನ್ನು ಇಂದಿನ ಕನ್ನಡ ಅಕ್ಷರದಲ್ಲಿ ಬರೆದ ಸಣ್ಣ ಫಲಕವೊಂದಿದ್ದರೆ ನೋಟದ ದಿಕ್ಕೇ ಬದಲಾಗುತ್ತದೆ. ಪ್ರತಿ ಪ್ರೌಢಶಾಲೆಯೂ ವರ್ಷಕ್ಕೊಮ್ಮೆ ದೂರದ ಪ್ರವಾಸದ ಜೊತೆಗೆ ತನ್ನ ಊರಿನದೇ ಗುಡಿಯನ್ನೋ ವೀರಗಲ್ಲನ್ನೋ ಅಳೆದು, ಬರೆದು, ಅದರ ಶಾಸನವನ್ನು ಸಂಪುಟದಲ್ಲಿ ಹುಡುಕಿ ಓದುವ ಪಾಠವನ್ನು ಇಟ್ಟುಕೊಳ್ಳಬಹುದು. ದೃಷ್ಟಿ ಇಲ್ಲದವರಿಗೆ ಮುಟ್ಟಿ ನೋಡುವ ಪ್ರತಿಕೃತಿಗಳನ್ನು ವಸ್ತುಸಂಗ್ರಹಾಲಯಗಳು ಇಡಬೇಕು. ಬಳಪದ ಕಲ್ಲಿನ ಕುಸುರಿ ಬೆರಳಿಗೂ ದಕ್ಕುವಂಥದು. ಇಂಥ ಕಲಿಕೆಯಿಂದ ಇನ್ನೊಂದು ಪ್ರತ್ಯಕ್ಷ ಲಾಭವಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗೆ ಎಣ್ಣೆಬಣ್ಣ ಬಳಿಯುವುದು, ಚಾವಣಿಯ ಚಿತ್ರಗಳ ಮೇಲೆ ಸುಣ್ಣ ಹೊಡೆಯುವುದು, ವೀರಗಲ್ಲನ್ನು ಮೋರಿಗೆ ಹಾಸುವುದು ನಡೆಯುವುದು ದ್ವೇಷದಿಂದಲ್ಲ, ತಿಳಿವಳಿಕೆ ತಲುಪದ ಕಾರಣದಿಂದ. ಏನಿದೆ ಎಂದು ತಿಳಿದ ಊರು ಅದನ್ನು ಕಾಯುತ್ತದೆ; ಯಾವ ಕಾವಲುಗಾರನೂ ಅಷ್ಟು ಕಾಯಲಾರ.

ಕೊನೆಯದಾಗಿ, ಬಾಗಿಲು ತೆರೆಯುವುದೆಂದರೆ ಹಳೆಯ ಪಟ್ಟಿಯನ್ನು ಹೆಚ್ಚು ಜನರಿಗೆ ಓದಿಸುವುದಷ್ಟೇ ಅಲ್ಲ; ಪಟ್ಟಿಯೂ ಹಿಗ್ಗಬೇಕು. ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಮದುವೆಯ ಹೊತ್ತಿಗೆ ಗೋಡೆಯ ಮೇಲೆ ಮೂಡುವ ಹಸೆ ಚಿತ್ತಾರವನ್ನು ಇಲ್ಲಿ ನೆನೆಯಬೇಕು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಇಷ್ಟರಲ್ಲಿ ಆ ಮನೆಗಳ ಹೆಣ್ಣುಮಕ್ಕಳು ಗೆರೆಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಎಳೆದು ಕಟ್ಟುವ ಜಾಲ ಯಾವ ನಕ್ಷೆಗಾರನ ಲೆಕ್ಕಾಚಾರಕ್ಕೂ ಕಡಿಮೆಯದಲ್ಲ. ಯಾವ ಗೆರೆಗೆ ಯಾವ ಹೆಸರು, ಯಾವ ಚಿತ್ತಾರ ಯಾವ ಸಂದರ್ಭಕ್ಕೆ ಎಂಬುದು ತಾಯಿಯಿಂದ ಮಗಳಿಗೆ ಬಂದ ಶಾಸ್ತ್ರ. ದಾಸೋಜನಿಗೆ ಕಲ್ಲಿತ್ತು, ಉಳಿಯಿತ್ತು, ಹೆಸರು ಕೊರೆಯಲು ಪೀಠವಿತ್ತು. ಈ ಹೆಣ್ಣುಮಕ್ಕಳ ಗೋಡೆಯನ್ನು ಮತ್ತೆ ಮತ್ತೆ ಸಾರಿಸಿ ಹೊಸದಾಗಿ ಬರೆಯುತ್ತಾರೆ, ಆದ್ದರಿಂದ ಹೆಸರು ನಿಲ್ಲುವುದಿಲ್ಲ. ಪ್ರದರ್ಶನಗಳಲ್ಲಿಯೂ ಅನೇಕ ಬಾರಿ ಜನಪದ ಕಲೆ ಎಂಬ ಒಂದೇ ಚೀಟಿಯ ಕೆಳಗೆ ಅವರೆಲ್ಲ ಸೇರಿಹೋಗುತ್ತಾರೆ. ಚಿತ್ತಾರ ಬರೆದವಳ ಹೆಸರು, ಊರು, ಕಲಿಸಿದವಳ ಹೆಸರು, ಬರೆದ ವರ್ಷ ಇಷ್ಟನ್ನು ಅವಳ ಒಪ್ಪಿಗೆಯೊಂದಿಗೆ, ಚಿತ್ರದ ಛಾಯಾಚಿತ್ರದ ಜೊತೆಗೆ ದಾಖಲಿಸುವ ಕೆಲಸವನ್ನು ಆ ತಾಲ್ಲೂಕುಗಳ ಶಾಲೆಗಳೂ ಕಾಲೇಜುಗಳೂ ಈ ವರ್ಷವೇ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಬೇಕಾದ ಪುಸ್ತಕ, ಪೆನ್ಸಿಲು, ಕ್ಯಾಮೆರಾ ಇರುವ ಫೋನು ಈಗಾಗಲೇ ವಿದ್ಯಾರ್ಥಿಗಳ ಕೈಯಲ್ಲಿವೆ. ಕೇಳಿದರೆ ಉತ್ತರ ಹೇಳಬಲ್ಲ ಅಜ್ಜಿಯರು ಆ ಮನೆಗಳಲ್ಲಿ ಇನ್ನೂ ಇದ್ದಾರೆ.